ಟ್ರ್ಯಾಕ್ಟರ್ ಸ್ವಿಚ್‌ನ ಆರದ ಕೆಂಪು ದೀಪ

ನಮ್ಮ ಕಾಕಾನ ಮಗನ ಟ್ರ್ಯಾಕ್ಟರ್‌ನಲ್ಲಿ ಸ್ಟೇರಿಂಗ್ ಕೆಳಗೆ ಒಂದು ಟಾಗಲ್ ಸ್ವಿಚ್ ಇದೆ, ಕಡ್ಡಿ ಮೇಲೆ ಕೆಳಗೆ ಮಾಡುವಂಥದ್ದು. ಅದರ ಕಡ್ಡಿಯ ತುದಿಯಲ್ಲಿ ಕಡಲೆಕಾಳಿಗಿಂತ ಚಿಕ್ಕದೊಂದು ಕೆಂಪು ಎಲ್‌ಇಡಿ. ಸ್ವಿಚ್ ಹಾಕಿದರೆ ಹಿಂದಿನ ಎರಡೂ ಮಡ್‌ಗಾರ್ಡ್ ಮೇಲಿರುವ ಕೆಲಸದ ಲೈಟ್ ಹತ್ತುತ್ತವೆ. ಒಂದೊಂದು 27 ವ್ಯಾಟ್.

ಮುಧೋಳದ ಕಡೆ ಕಬ್ಬಿನ ಹಂಗಾಮು ನೋಡಿದವರಿಗೆ ಈ ಲೈಟ್ ಯಾಕೆ ಬೇಕು ಅಂತ ಹೇಳಬೇಕಿಲ್ಲ. ದೀಪಾವಳಿ ಮುಗಿದ ಮೇಲೆ ರಾತ್ರಿಯೇ ಕೆಲಸ ಜಾಸ್ತಿ. ಟ್ರೇಲರ್ ಜೋಡಿಸುವಾಗ ಡ್ರೈವರ್ ಟ್ರ್ಯಾಕ್ಟರನ್ನು ಹಿಂದಕ್ಕೆ ತರುತ್ತಾನೆ. ಇನ್ನೊಬ್ಬ ಪಿನ್ ಹಿಡಿದುಕೊಂಡು ಟ್ರ್ಯಾಕ್ಟರ್ ಮತ್ತು ಟ್ರೇಲರ್ ಮಧ್ಯೆ ನಿಂತಿರುತ್ತಾನೆ. ಒಂದು ಗೇಣು ಆಚೀಚೆ ಆದರೂ ಕೈಯೋ ಕಾಲೋ ಸಿಕ್ಕಿಬಿಡುತ್ತದೆ. ಅಲ್ಲಿ ಹಗಲಿನಂಥ ಬೆಳಕು ಇರಲೇಬೇಕು.

ಆದರೆ ಅದೇ ಲೈಟ್ ರಸ್ತೆಗೆ ಬಂದರೆ ಹಿಂದೆ ಬರುವವರ ಕಣ್ಣು ಕುಕ್ಕುತ್ತದೆ. ಡ್ರೈವರ್ ಮುಂದೆ ನೋಡಿಕೊಂಡು ಕೂತಿರುತ್ತಾನೆ, ಬೆನ್ನ ಹಿಂದೆ ಲೈಟ್ ಉರಿಯುತ್ತಿರುವುದು ಅವನಿಗೆ ಗೊತ್ತಾಗುವುದಿಲ್ಲ. ಅದನ್ನು ಹೇಳುವುದಕ್ಕೇ ಸ್ವಿಚ್‌ನಲ್ಲಿ ಆ ಕೆಂಪು ಚುಕ್ಕಿ ಇರುವುದು. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲೂ ಸಾಮಾನ್ಯವಾಗಿ ಹಿಂದಕ್ಕೆ ಕೆಂಪು ಬಿಟ್ಟು ಬೇರೆ ಬೆಳಕು ಕಾಣಬಾರದು ಅಂತಿದೆ. ಟ್ರ್ಯಾಕ್ಟರ್‌ನ ನೇಗಿಲ ಲೈಟಿಗೆ, ಅಂದರೆ ಹಿಂದೆ ಕೆಲಸದ ಜಾಗಕ್ಕೆ ಬೆಳಕು ಬಿಡುವ ಲೈಟಿಗೆ, ವಿನಾಯಿತಿ ಇದೆ, ಆದರೆ ಅದು ಹೊಲದ ಕೆಲಸಕ್ಕೆ.

ನಮ್ಮ ಟ್ರ್ಯಾಕ್ಟರ್‌ನಲ್ಲಿ ಈ ಕೆಂಪು ದೀಪ ಆರುತ್ತಲೇ ಇರಲಿಲ್ಲ. ಹೋದ ವರ್ಷ ಯಾರ ಹತ್ತಿರವೋ ಲೈಟ್ ಕೂರಿಸಿದಾಗಿನಿಂದಲೂ ಹಾಗೇ. ಕಾಕಾನ ಮಗ, ಅಂದರೆ ನನ್ನ ತಮ್ಮ, ಅದರ ಮೇಲೆ ಕಪ್ಪು ಟೇಪಿನ ತುಂಡು ಅಂಟಿಸಿಬಿಟ್ಟಿದ್ದ. ಒಂದು ರಾತ್ರಿ ಟ್ರೇಲರ್ ಹೊಲದಲ್ಲೇ ಬಿಟ್ಟು ಬರೀ ಟ್ರ್ಯಾಕ್ಟರ್ ತೆಗೆದುಕೊಂಡು ಮನೆಗೆ ಬರುತ್ತಿದ್ದ. ಹಿಂದಿನ ಲೈಟ್ ಎರಡೂ ಉರಿಯುತ್ತಿದ್ದವು. ಹಿಂದಿದ್ದ ಬೈಕಿನವನಿಗೆ ರಸ್ತೆ ಕಾಣದೆ ಪಕ್ಕದ ಮಣ್ಣಿಗೆ ಇಳಿದುಬಿಟ್ಟ. ಬೀಳಲಿಲ್ಲ, ದೇವರು ದೊಡ್ಡವನು. ಮುಂದೆ ಬಂದು ಅಡ್ಡ ನಿಂತು ಬೈದ. ಬೈದದ್ದು ಸರಿಯೇ.

ಮರುದಿನ ತಮ್ಮ ನನ್ನ ಅಂಗಡಿಗೆ ಬಂದ. ನನ್ನದು ಮೋಟಾರ್ ವೈಂಡಿಂಗ್ ಕೆಲಸ. ಬೋರ್‌ವೆಲ್ ಪಂಪು, ಹೊಳೆ ಪಂಪು ಇವೇ ದಿನಾ. ಗಾಡಿ ವೈರಿಂಗ್ ನನ್ನ ಕಸುಬಲ್ಲ, ಆದರೆ ಕರೆಂಟ್ ಎಲ್ಲಾ ಕಡೆ ಒಂದೇ ಅಲ್ವಾ.

"ಅಣ್ಣಾ, ಹಾಕಿದ್ರೂ ಉರೀತೈತಿ, ತಗದ್ರೂ ಉರೀತೈತಿ. ಅದನ್ನ ನೋಡೂದ ಬಿಟ್ಟೀನಿ ನಾ," ಅಂದ.

ಭಾನುವಾರ ಬೆಳಿಗ್ಗೆ ಅವರ ಮನೆ ಮುಂದಿನ ಬೇವಿನ ಗಿಡದ ಕೆಳಗೆ ಟ್ರ್ಯಾಕ್ಟರ್ ನಿಲ್ಲಿಸಿಕೊಂಡೆವು.

ಬ್ಯಾಟರಿ ನೋಡಿದೆ. 12.5 ವೋಲ್ಟ್, ಚೆನ್ನಾಗಿದೆ. ನೆಗೆಟಿವ್ ತಂತಿ ಬಿಚ್ಚಿ, ಅದಕ್ಕೂ ಬ್ಯಾಟರಿಗೂ ಮಧ್ಯೆ ಮೀಟರ್ ಹಾಕಿದೆ. ಎಲ್ಲಾ ಸ್ವಿಚ್ ಬಂದ್ ಇದ್ದರೂ 18 ಮಿಲಿ ಆಂಪಿಯರ್ ಹೋಗುತ್ತಿತ್ತು. ಅಷ್ಟೂ ಆ ಕೆಂಪು ಎಲ್‌ಇಡಿಯದೇ. ದಿನಕ್ಕೆ ಅರ್ಧ ಆಂಪಿಯರ್ ಅವರ್ ಕೂಡ ಆಗುವುದಿಲ್ಲ. ದಿನಾ ಓಡುವ ಗಾಡಿಗೆ ಅದು ಲೆಕ್ಕಕ್ಕಿಲ್ಲ. ಆದರೆ ಹಂಗಾಮು ಮುಗಿದು ಒಂದು ತಿಂಗಳು ಸುಮ್ನೆ ನಿಂತರೆ 13 ಆಂಪಿಯರ್ ಅವರ್ ಹೋಯಿತು. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಸ್ಟಾರ್ಟ್ ಆಗದೆ ತಳ್ಳಿದ್ದಕ್ಕೆ ಕಾಕಾ ಬ್ಯಾಟರಿಯನ್ನು ಬೈಯುತ್ತಿದ್ದರು. ಬ್ಯಾಟರಿಯದು ಅಷ್ಟು ತಪ್ಪಿರಲಿಕ್ಕಿಲ್ಲ.

ನೆಗೆಟಿವ್ ಬಿಚ್ಚಿದ ಹಾಗೇ ಇಟ್ಟು, ಸ್ವಿಚ್ ಕೂತಿದ್ದ ತಗಡಿನ ನಾಲ್ಕು ಸ್ಕ್ರೂ ತೆಗೆದೆ. ಹಿಂದೆ ಮೂರು ಪಿನ್. ಎರಡು ಬೆಳ್ಳಿ ಬಣ್ಣ, ಒಂದು ಹಿತ್ತಾಳೆ ಬಣ್ಣ. ಬ್ಯಾಟರಿಯಿಂದ ಬಂದ ದಪ್ಪ ಕೆಂಪು ತಂತಿ ನಡುವಿನ ಪಿನ್ನಿಗೆ. ಲೈಟಿಗೆ ಹೋಗುವ ತಂತಿ ತುದಿಯ ಬೆಳ್ಳಿ ಪಿನ್ನಿಗೆ. ಕಪ್ಪು ತಂತಿ ಹಿತ್ತಾಳೆ ಪಿನ್ನಿಗೆ.

ನೋಡಿದ ತಕ್ಷಣ ಯಾಕೆ ಹೀಗೆ ಹಾಕಿದ್ದಾರೆ ಅಂತ ಗೊತ್ತಾಯಿತು. ಮೂರು ಪಿನ್ನಿನ ಸಾಮಾನ್ಯ ಟೂ ವೇ ಸ್ವಿಚ್‌ನಲ್ಲಿ ನಡುವಿನದು ಕಾಮನ್, ಎರಡೂ ಕಡೆಗೆ ಹಂಚುವ ಪಿನ್. ಸಪ್ಲೈ ಅದಕ್ಕೇ ಕೊಡುವುದು ರೂಢಿ. ಕೈ ತಾನಾಗಿಯೇ ಅಲ್ಲಿಗೆ ಹೋಗುತ್ತದೆ. ಆದರೆ ದೀಪವಿರುವ ಸ್ವಿಚ್ ಟೂ ವೇ ಅಲ್ಲ. ಅದರಲ್ಲಿ ಬ್ಯಾಟರಿಯಿಂದ ಕರೆಂಟ್ ಬರುವ ಒಂದು ಸಪ್ಲೈ ಪಿನ್, ಲೈಟಿಗೆ ಕರೆಂಟ್ ಹೋಗುವ ಒಂದು ಲೋಡ್ ಪಿನ್, ಮೂರನೆಯದು ದೀಪಕ್ಕೆ ಮಾತ್ರ ಬೇಕಾದ ಅರ್ಥ್ ಪಿನ್. ಮನೆಯಲ್ಲಿ ಗೀಜರ್ ಸ್ವಿಚ್‌ನ ಕೆಂಪು ದೀಪಕ್ಕೆ ನ್ಯೂಟ್ರಲ್ ಬೇಕೇ ಬೇಕು ನೋಡಿ, ಹಾಗೆ. ಗಾಡಿಯಲ್ಲಿ ನ್ಯೂಟ್ರಲ್ ಜಾಗದಲ್ಲಿ ಬಾಡಿ ಅರ್ಥ್.

ಒಳಗಿನ ಎಲ್‌ಇಡಿ ಲೋಡ್ ಪಿನ್ನಿಗೂ ಅರ್ಥ್ ಪಿನ್ನಿಗೂ ಮಧ್ಯೆ ಕೂತಿರುತ್ತದೆ. ಇದೊಂದನ್ನು ತಲೆಯಲ್ಲಿ ಇಟ್ಟುಕೊಂಡರೆ ಈ ಸ್ವಿಚ್‌ನ ಯಾವ ತೊಂದರೆಯನ್ನೂ ಓದಬಹುದು. ಲೋಡ್ ಪಿನ್ನಿಗೆ ಕರೆಂಟ್ ಬಂತೋ, ದೀಪ ಹತ್ತಿತು. ಅಷ್ಟೇ ಅದಕ್ಕೆ ಗೊತ್ತು. ಹಿಂದಿನ ಲೈಟ್ ನಿಜವಾಗಿ ಉರಿಯುತ್ತಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ನಮ್ಮ ಸ್ವಿಚ್‌ನಲ್ಲಿ ಲೋಡ್ ಪಿನ್ನಿಗೆ ಬ್ಯಾಟರಿಯನ್ನೇ ನೇರ ಜೋಡಿಸಿದ್ದರು. ಹಾಗಾಗಿ ಕಡ್ಡಿ ಮೇಲಿದ್ದರೂ ಕೆಳಗಿದ್ದರೂ ದೀಪಕ್ಕೆ ಕರೆಂಟ್ ಸಿಗುತ್ತಿತ್ತು. ಲೈಟ್ ಮಾತ್ರ ಕಡ್ಡಿಯ ಮಾತು ಕೇಳುತ್ತಿದ್ದವು, ಅದಕ್ಕೇ ವರ್ಷವಿಡೀ ಯಾರಿಗೂ ಇದು ವೈರಿಂಗ್ ತಪ್ಪು ಅನ್ನಿಸಿರಲಿಲ್ಲ.

ಎರಡು ಬೆಳ್ಳಿ ಪಿನ್ನುಗಳ ತಂತಿ ಅದಲು ಬದಲು ಮಾಡಿದೆ. ನೆಗೆಟಿವ್ ಹಾಕಿ ಸ್ವಿಚ್ ಒತ್ತಿದೆ. ಲೈಟ್ ಹತ್ತಿದವು, ಕೆಂಪು ಹತ್ತಿತು. ತೆಗೆದೆ. ಎರಡೂ ಆರಿದವು. ತಮ್ಮ ಟೇಪಿನ ತುಂಡನ್ನು ಉಗುರಿನಿಂದ ಕೆರೆದು ಬಿಸಾಡಿದ.

ಅಲ್ಲಿಗೇ ನಿಲ್ಲಿಸಬಹುದಿತ್ತು. ಆದರೆ ನಡುವಿನ ಪಿನ್ ಹಿಡಿದಾಗ ಹಲ್ಲಿನ ಹಾಗೆ ಅಲ್ಲಾಡಿತು. ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಉಬ್ಬಿತ್ತು. ಪಿನ್ನಿಗೆ ಸಿಕ್ಕಿಸುವ ಲಗ್ ಸಡಿಲವಿದ್ದು ಬಿಸಿಯಾಗಿ ಆಗಿದ್ದು ಅದು. ಎರಡು ಲೈಟ್ ಸೇರಿ ಎಳೆಯುವುದು ನಾಲ್ಕೂವರೆ ಆಂಪಿಯರ್ ಮಾತ್ರ. 20 ಆಂಪಿಯರ್ ಅಂತ ಬರೆದಿರುವ ಸ್ವಿಚ್‌ಗೆ ಅದು ಏನೂ ಅಲ್ಲ. ಆದರೆ ಸಡಿಲ ಜಾಯಿಂಟ್ ಇದ್ದರೆ ನಾಲ್ಕು ಆಂಪಿಯರೂ ಸಾಕು ಪ್ಲಾಸ್ಟಿಕ್ ಕರಗಿಸೋಕೆ. ಬೇರೆ ಸ್ವಿಚ್ ತರೋಣ ಅಂದೆ. ತಮ್ಮ ಬೈಕ್ ತೆಗೆದುಕೊಂಡು ಮುಧೋಳಕ್ಕೆ ಹೋಗಿ ತಂದ. ನೋಡೋಕೆ ಅದೇ ಥರ. ಮುಂದೆ ಅದೇ ಕಡ್ಡಿ, ಅದೇ ಕೆಂಪು ಚುಕ್ಕಿ. ಹಿಂದೆ ಮಾತ್ರ ಮೂರೂ ಪಿನ್ ಬೆಳ್ಳಿ ಬಣ್ಣ, ಮೇಲೆ ಅಕ್ಷರವೂ ಇಲ್ಲ.

ನಾನು ಹಳೆಯದರ ಸಾಲಿನಲ್ಲೇ ಮೂರು ತಂತಿ ಸಿಕ್ಕಿಸಿದೆ. ಒಂದು ತುದಿಗೆ ಸಪ್ಲೈ, ನಡುವೆ ಲೈಟಿನ ತಂತಿ, ಇನ್ನೊಂದು ತುದಿಗೆ ಕಪ್ಪು. ಸ್ವಿಚ್ ಹಾಕಿದೆ. ಟಪ್ ಅಂತ ಒಂದು ಸಣ್ಣ ಸದ್ದು, ಎಲ್ಲಾ ಸತ್ತಿತು. 10 ಆಂಪಿಯರ್ ಫ್ಯೂಸ್ ಹೋಗಿತ್ತು. ತಂತಿ ಎಲ್ಲೋ ತಾಗಿರಬೇಕು ಅಂದುಕೊಂಡು ಎಲ್ಲಾ ಬಿಡಿಸಿ ಸರಿಮಾಡಿ ಇನ್ನೊಂದು ಫ್ಯೂಸ್ ಹಾಕಿದೆ. ಅದೂ ಹೋಯಿತು. ಎರಡನೆಯದನ್ನು ಹಾಕಬಾರದಿತ್ತು. ಮೊದಲನೆಯದು ಹೋದಾಗಲೇ ಕಾರಣ ಹುಡುಕಬೇಕಿತ್ತು.

ಕಾಕಾ ಕಟ್ಟೆ ಮೇಲೆ ಕೂತು ನೋಡುತ್ತಿದ್ದರು.

"ಒಂದು ತಂತಿ ಎಳಿ ಸುತ್ತಿ ಹಾಕಪಾ ತಮ್ಮಾ. ಸುಮ್ನ ಫ್ಯೂಜ್ ಯಾಕ ಸುಡಾಕತ್ತಿ? ಸಂಜಿಗೆ ಗಾಡಿ ಹೋಗಬೇಕು."

"ಬ್ಯಾಡ ಕಾಕಾ. ಫ್ಯೂಜ್ ಹೋಗಾಕತ್ತೈತಿ ಅಂದ್ರ ಒಳಗ ಏನೋ ಐತಿ. ಅದನ್ನ ಹುಡುಕೂಣು."

ಕಾಕಾನ ಮೇಲೆ ಗೌರವ ಇದೆ, ಆದರೆ ಈ ಮಾತು ಮಾತ್ರ ನಾನು ಯಾರ ಬಾಯಿಂದ ಬಂದರೂ ಕೇಳುವುದಿಲ್ಲ. ಟ್ರ್ಯಾಕ್ಟರ್ ಬ್ಯಾಟರಿ ಸ್ಟಾರ್ಟರ್‌ಗೆ ನೂರಾರು ಆಂಪಿಯರ್ ಕೊಡುವಂಥದ್ದು. ಶಾರ್ಟ್ ಇರುವ ಕಡೆ ಫ್ಯೂಸ್ ಬದಲು ತಂತಿ ಸುತ್ತಿದರೆ ಸುಡುವುದು ಫ್ಯೂಸ್ ಅಲ್ಲ, ಬ್ಯಾಟರಿಯಿಂದ ಸ್ವಿಚ್‌ವರೆಗಿನ ಇಡೀ ವೈರು. ಆ ವೈರು ಹೋಗುವ ದಾರಿಯಲ್ಲೇ ಡೀಸೆಲ್ ಪೈಪ್ ಇದೆ. ಟ್ರೇಲರ್ ತುಂಬಾ ಒಣ ರವದಿ, ಅಂದರೆ ಕಬ್ಬಿನ ತರಗು. ಮತ್ತೇನು ಹೇಳಲಿ.

ಅಂಗಡಿಯಲ್ಲಿ ನಾವು ಸುತ್ತಿದ ಮೋಟಾರ್‌ಗೆ ಮೊದಲ ಸಲ ಕರೆಂಟ್ ಕೊಡುವಾಗ ಸೀರೀಸ್ ಬಲ್ಬ್, ಅಂದರೆ ಕರೆಂಟ್ ಹೋಗುವ ದಾರಿಯಲ್ಲೇ ಒಂದು ಬಲ್ಬ್, ಇಟ್ಟುಕೊಳ್ಳುತ್ತೇವೆ. ಒಳಗೆ ಶಾರ್ಟ್ ಇದ್ದರೆ ಬಲ್ಬ್ ಪೂರ್ತಿ ಉರಿಯುತ್ತದೆ, ಬೇರೇನೂ ಸುಡುವುದಿಲ್ಲ. ಅದನ್ನೇ ಇಲ್ಲೂ ಮಾಡಿದೆ. ಟ್ರ್ಯಾಕ್ಟರ್‌ನ ಇಂಡಿಕೇಟರ್‌ನಿಂದ 21 ವ್ಯಾಟಿನ ಬಲ್ಬ್ ಬಿಚ್ಚಿಕೊಂಡೆ. ಎರಡು ತುಂಡು ವೈರು ಕಟ್ಟಿ, ಫ್ಯೂಸ್ ಕೂರುವ ಜಾಗದಲ್ಲಿ ಸಿಕ್ಕಿಸಿದೆ. ಇನ್ನು ಅಲ್ಲಿಂದ ಆಚೆ ಏನೇ ತಾಗಿದರೂ ಎರಡು ಆಂಪಿಯರ್ ಒಳಗೇ ಕರೆಂಟ್ ನಿಲ್ಲುತ್ತದೆ. ಎಷ್ಟು ಸಲ ಬೇಕಾದರೂ ಪರೀಕ್ಷೆ ಮಾಡಬಹುದು, ಫ್ಯೂಸ್ ಖರ್ಚಿಲ್ಲ.

ಸ್ವಿಚ್ ಬಂದ್ ಇಟ್ಟಾಗ ಬಲ್ಬ್ ಆರಿತ್ತು. ಅಂದರೆ ಫ್ಯೂಸಿನಿಂದ ಸ್ವಿಚ್‌ವರೆಗೆ ಶಾರ್ಟ್ ಇಲ್ಲ. ಹಾಕಿದೆ. ಬಲ್ಬ್ ಧಗ್ಗನೆ ಪೂರ್ತಿ ಉರಿಯಿತು. ಶಾರ್ಟ್ ಇರುವುದು ಸ್ವಿಚ್‌ನಿಂದ ಆಚೆ. ನಡುವಿನ ಪಿನ್ನಿಂದ ಲೈಟಿನ ತಂತಿ ಎಳೆದೆ. ಬಲ್ಬ್ ಹಾಗೇ ಉರಿಯುತ್ತಿತ್ತು. ನಾನು ಅನುಮಾನಪಟ್ಟಿದ್ದು ಮಡ್‌ಗಾರ್ಡ್ ಮೇಲಿನ ಆ ತಂತಿಯನ್ನೇ, ಅದರಲ್ಲಿ ತಪ್ಪಿರಲಿಲ್ಲ. ಕೊನೆಗೆ ತುದಿಯ ಪಿನ್ನಿಂದ ಕಪ್ಪು ತಂತಿ ಎಳೆದೆ. ಬಲ್ಬ್ ತಟ್ಟನೆ ಆರಿತು.

ಕಪ್ಪು ತಂತಿ ಬಾಡಿಗೆ ಹೋಗುವುದು. ಸ್ವಿಚ್ ಹಾಕಿದಾಗ ಆ ತುದಿಯ ಪಿನ್ನಿಗೆ ಬ್ಯಾಟರಿ ಬರುತ್ತಿದೆ ಅಂದರೆ ಈ ಹೊಸ ಸ್ವಿಚ್‌ನಲ್ಲಿ ಅದು ಅರ್ಥ್ ಪಿನ್ನೇ ಅಲ್ಲ, ಲೋಡ್ ಪಿನ್. ನಡುವಿನದು ಅರ್ಥ್. ನಾನು ಸ್ವಿಚ್ ಹಾಕಿದಾಗಲೆಲ್ಲಾ ಬ್ಯಾಟರಿಯನ್ನು ನೇರವಾಗಿ ಬಾಡಿಗೆ ಸೇರಿಸುತ್ತಿದ್ದೆ. ಸ್ವಿಚ್ ಕೆಟ್ಟಿರಲಿಲ್ಲ, ವೈರೂ ಕೆಟ್ಟಿರಲಿಲ್ಲ.

ಹೊಸ ಸ್ವಿಚ್ ಕೈಗೆ ಬಂದ ತಕ್ಷಣ, ವೈರ್ ಮುಟ್ಟುವ ಮೊದಲು ಮಾಡಬೇಕಿದ್ದ ಪರೀಕ್ಷೆಯನ್ನು ಆಮೇಲೆ ಮಾಡಿದೆ. ಮೀಟರನ್ನು ಪೀಂ ಅನ್ನುವ ಕಡೆ ತಿರುಗಿಸಿ ಎರಡೆರಡು ಪಿನ್ ಮುಟ್ಟುತ್ತಾ ಹೋಗಬೇಕು. ಕಡ್ಡಿ ಮೇಲೆ ಮಾಡಿದಾಗ ಪೀಂ ಅಂದು ಕೆಳಗೆ ಮಾಡಿದಾಗ ಸುಮ್ಮನಾಗುವ ಜೋಡಿಯೇ ಸಪ್ಲೈ ಮತ್ತು ಲೋಡ್. ಉಳಿದದ್ದು ಅರ್ಥ್. ಆದರೆ ಆ ಜೋಡಿಯಲ್ಲಿ ಯಾವುದು ಸಪ್ಲೈ, ಯಾವುದು ಲೋಡ್ ಅಂತ ಪೀಂ ಸದ್ದು ಹೇಳುವುದಿಲ್ಲ. ಅದಕ್ಕೆ ಕಡ್ಡಿ ಬಂದ್ ಮಾಡಿ, ಅರ್ಥ್ ಪಿನ್ನಿಗೆ ಬ್ಯಾಟರಿ ನೆಗೆಟಿವ್ ಕೊಟ್ಟು, ಪಾಸಿಟಿವ್‌ನ ತುದಿಗೆ ಅದೇ 21 ವ್ಯಾಟ್ ಬಲ್ಬ್ ಸೀರೀಸ್ ಇಟ್ಟು, ಒಂದೊಂದೇ ಪಿನ್ ಮುಟ್ಟಿಸಿ ನೋಡಬೇಕು. ಯಾವುದನ್ನು ಮುಟ್ಟಿದಾಗ ಸ್ವಿಚ್‌ನ ದೀಪ ಹತ್ತುತ್ತದೋ ಅದು ಲೋಡ್ ಪಿನ್. ಎರಡು ನಿಮಿಷದ ಕೆಲಸ. ಪಿನ್ನಿನ ಬಣ್ಣ ಹಿತ್ತಾಳೆ ಇದ್ದರೆ ಸಾಮಾನ್ಯವಾಗಿ ಅದೇ ಅರ್ಥ್, ಆದರೂ ಮೀಟರ್ ಹಿಡಿದು ನೋಡಿಯೇ ನಂಬಿ. ಒಂದೇ ಮುಖದ ಎರಡು ಸ್ವಿಚ್‌ಗೆ ಹಿಂದೆ ಬೇರೆ ಬೇರೆ ಸಾಲು ಇರುತ್ತದೆ ಅಂತ ಈ ಭಾನುವಾರ ನನ್ನ ಕೈಗೇ ಗೊತ್ತಾಯಿತು.

ಲಾರಿ, ಬಸ್ಸಿನವರು ಓದುತ್ತಿದ್ದರೆ ಇದೊಂದು ಗಮನಿಸಿ. ದೊಡ್ಡ ಗಾಡಿಗಳಲ್ಲಿ 24 ವೋಲ್ಟ್ ಇರುತ್ತದೆ. 12 ವೋಲ್ಟಿನ ದೀಪದ ಸ್ವಿಚ್ ಅಲ್ಲಿ ಹಾಕಿದರೆ ದೀಪ ಜಾಸ್ತಿ ದಿನ ಬದುಕುವುದಿಲ್ಲ.

ತಂತಿಗಳನ್ನು ಸರಿಯಾದ ಪಿನ್ನಿಗೆ ಹಾಕಿದೆ. ಫ್ಯೂಸ್ ಜಾಗದಲ್ಲಿ ಇನ್ನೂ ಬಲ್ಬೇ ಇತ್ತು. ಸ್ವಿಚ್ ಹಾಕಿದಾಗ ಬಲ್ಬ್ ಪೂರ್ತಿ ಉರಿಯದೆ ತಡವರಿಸಿತು, ಹಿಂದಿನ ಲೈಟುಗಳು ಮಿಣುಕಿದವು. ಶಾರ್ಟ್ ಇಲ್ಲ. ಬಲ್ಬ್ ತೆಗೆದು ಹೊಸ ಫ್ಯೂಸ್ ಹಾಕಿದೆ. ಲೈಟ್ ಎರಡೂ ಝಗ್ ಅಂತ ಹತ್ತಿದವು.

ಸ್ವಿಚ್‌ನ ಕೆಂಪು ದೀಪ ಹತ್ತಲಿಲ್ಲ.

"ಈಗ ಆರಿದ್ದು ಆರೇ ಬಿಡ್ತಲ್ಲ ಅಣ್ಣಾ," ಅಂದ ತಮ್ಮ.

ಇಲ್ಲೂ ಅದೇ ಒಂದು ಮಾತು ಕೆಲಸಕ್ಕೆ ಬಂತು. ದೀಪ ಇರುವುದು ಲೋಡ್‌ಗೂ ಅರ್ಥ್‌ಗೂ ಮಧ್ಯೆ. ಲೈಟ್ ಉರಿಯುತ್ತಿವೆ, ಅಂದರೆ ಲೋಡ್ ಪಿನ್ನಿಗೆ ಕರೆಂಟ್ ಬಂದಿದೆ. ಹಾಗಿದ್ದರೆ ಅರ್ಥ್ ಇಲ್ಲ, ಇಲ್ಲವೇ ದೀಪವೇ ಸತ್ತಿದೆ. ಮೀಟರ್‌ನ ಕಪ್ಪು ಕಡ್ಡಿ ಬ್ಯಾಟರಿ ನೆಗೆಟಿವ್‌ಗೆ, ಕೆಂಪು ಕಡ್ಡಿ ಸ್ವಿಚ್‌ನ ಅರ್ಥ್ ಪಿನ್ನಿಗೆ ಹಿಡಿದೆ. ಅಲ್ಲಿ ಸೊನ್ನೆ ಇರಬೇಕು. ಮೀಟರ್ 10 ವೋಲ್ಟ್ ದಾಟಿ ತೋರಿಸಿತು. ನೋಡಿ ಖುಷಿಯಾಯಿತು. ಯಾಕಂದರೆ ಆ ವೋಲ್ಟ್ ಅಲ್ಲಿಗೆ ಬಂದಿರುವುದು ಎಲ್‌ಇಡಿ ಮೂಲಕವೇ. ದೀಪ ಬದುಕಿದೆ, ಅದರ ಕರೆಂಟ್ ಬಾಡಿಗೆ ಇಳಿಯೋಕೆ ದಾರಿ ಇಲ್ಲ ಅಷ್ಟೇ.

ಕಪ್ಪು ತಂತಿಯನ್ನು ಬೆರಳಲ್ಲಿ ಹಿಡಿದು ಬಗ್ಗಿಸುತ್ತಾ ಹೋದೆ. ತುದಿಗೆ ಕಚ್ಚಿಸಿದ ಥಿಂಬಲ್ ಹತ್ತಿರ ಮೆತ್ತಗೆ ಬಾಗಿತು, ಒಳಗೆ ತಾಮ್ರ ಇಲ್ಲದ ಹಾಗೆ. ಬ್ಲೇಡಿನಿಂದ ಪ್ಲಾಸ್ಟಿಕ್ ಸೀಳಿ ನೋಡಿದೆ. ಎಳೆಗಳೆಲ್ಲಾ ಹಸಿರು ಕಿಲುಬು ತಿಂದು ಪುಡಿಯಾಗಿದ್ದವು. ಬೆರಳಿಗೆ ಹಸಿರು ಪುಡಿ ಅಂಟಿತು. ಮೂರ್ನಾಲ್ಕು ಎಳೆಯ ಮೇಲೆ ಇಷ್ಟು ದಿನ ನಡೆದಿತ್ತು. ಬೆಳಿಗ್ಗೆಯಿಂದ ನಾನು ಎಳೆದು ಹಾಕಿ ಮಾಡಿದ್ದಕ್ಕೆ ಅವೂ ತುಂಡಾಗಿದ್ದವು. ಹೊರಗಿನಿಂದ ನೋಡಿದರೆ ವೈರು ಹೊಸದರ ಹಾಗೇ ಇತ್ತು.

ಹೊಸ ತುಂಡು ವೈರು ಹಾಕಿದೆ. ಥಿಂಬಲ್ಲನ್ನು ಇಕ್ಕಳದಲ್ಲಿ ಸುಮ್ನೆ ಒತ್ತದೆ, ಕ್ರಿಂಪ್ ಮಾಡುವ ಹತಾರದಲ್ಲೇ ಬಿಗಿ ಮಾಡಿದೆ. ಕೈಯಲ್ಲಿ ಜೋರಾಗಿ ಎಳೆದು ನೋಡಿದೆ, ಬರಲಿಲ್ಲ. ಮೇಲೆ ಸ್ಲೀವ್ ಹಾಕಿ ಬಿಸಿ ಮಾಡಿ ಕುಗ್ಗಿಸಿದೆ. ಮೊದಲು ಇದನ್ನು ಡ್ಯಾಶ್‌ಬೋರ್ಡಿನ ತಗಡಿನ ಸ್ಕ್ರೂಗೆ ಕಟ್ಟಿದ್ದರು. ಆ ತಗಡಿಗೆ ಎರಡು ಕೋಟ್ ಬಣ್ಣ, ಕೆಳಗೆ ರಬ್ಬರ್ ಬುಷ್. ಅರ್ಥ್‌ಗೆ ಒಳ್ಳೆಯ ಜಾಗ ಅಲ್ಲ. ಬ್ಯಾಟರಿಯ ನೆಗೆಟಿವ್ ಪಟ್ಟಿ ಬಾಡಿಗೆ ಸೇರುವ ಬೋಲ್ಟ್ ಹತ್ತಿರಕ್ಕೇ ತಂದೆ. ಮರಳು ಕಾಗದದಲ್ಲಿ ಕಬ್ಬಿಣ ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಷರ್ ಇಟ್ಟು, ಪಾನಾದಿಂದ ಬಿಗಿದು, ಮೇಲೆ ಗ್ರೀಸ್ ಬಳಿದೆ. ಮತ್ತೆ ಮೀಟರ್ ಹಿಡಿದಾಗ ಅರ್ಥ್ ಪಿನ್ನಿನಲ್ಲಿ 0.01 ವೋಲ್ಟ್. ಕೆಂಪು ದೀಪ ಹತ್ತಿತು, ಸ್ವಿಚ್ ತೆಗೆದಾಗ ಆರಿತು.

ಕೈ ಹೊಲಸಾಗಿದ್ದಾಗಲೇ ಇನ್ನೊಂದು ಕೆಲಸ ಮುಗಿಸಿದೆ. ಫ್ಯೂಸ್ ಇದ್ದದ್ದು ಸ್ವಿಚ್ ಪಕ್ಕದಲ್ಲಿ. ಬ್ಯಾಟರಿಯಿಂದ ಅಲ್ಲಿಯವರೆಗೆ ಎರಡು ಮೊಳ ವೈರಿಗೆ ರಕ್ಷಣೆಯೇ ಇರಲಿಲ್ಲ. ಅದು ಎಲ್ಲಾದರೂ ಉಜ್ಜಿ ಬಾಡಿಗೆ ತಾಗಿದರೆ ಫ್ಯೂಸಿಗೆ ಸುದ್ದಿಯೇ ಮುಟ್ಟುತ್ತಿರಲಿಲ್ಲ. ಫ್ಯೂಸ್ ಹೋಲ್ಡರನ್ನು ಬ್ಯಾಟರಿ ಪಾಸಿಟಿವ್‌ನಿಂದ ಒಂದು ಗೇಣಿನೊಳಗೆ ತಂದೆ. ಕೀ ತೆಗೆದರೂ ಲೈಟ್ ಉರಿಯುವಂತೆ ನೇರ ಬ್ಯಾಟರಿಯಿಂದಲೇ ಸಪ್ಲೈ ಬಿಟ್ಟೆ. ಕಬ್ಬು ಹೇರುವಾಗ ಇಂಜಿನ್ ಬಂದ್ ಮಾಡಿ ಲೈಟ್ ಹಚ್ಚಿಡುತ್ತಾರೆ, ಅವರಿಗೆ ಹಾಗೇ ಬೇಕು.

ನೀವು 55 ವ್ಯಾಟಿನ ಹಳೇ ಹ್ಯಾಲೊಜನ್ ಎರಡು ಹಾಕಿದ್ದರೆ ಒಂಬತ್ತು ಆಂಪಿಯರ್ ಮೇಲೆ ಆಗುತ್ತದೆ. ಆಗ ನಾನಾಗಿದ್ದರೆ ರಿಲೇ ಹಾಕುತ್ತಿದ್ದೆ, ಸ್ವಿಚ್‌ನ ಸಣ್ಣ ಕರೆಂಟಿನಿಂದ ಲೈಟಿನ ದೊಡ್ಡ ಕರೆಂಟ್ ಹಾಕಿ ತೆಗೆಯುವ ಡಬ್ಬಿ ಅದು. ಸ್ವಿಚ್‌ನಿಂದ ರಿಲೇಯ 86 ನಂಬರಿನ ಪಿನ್ನಿಗೆ, 85 ಬಾಡಿಗೆ, ಬ್ಯಾಟರಿ 30ಕ್ಕೆ, ಲೈಟ್ 87ಕ್ಕೆ. ಕೆಲವರು ರಿಲೇಯ ಅರ್ಥ್ ಕಡೆಯ ತಂತಿಗೆ ಈ ಸ್ವಿಚ್ ಹಾಕುತ್ತಾರೆ. ರಿಲೇ ಕೆಲಸ ಮಾಡುತ್ತದೆ, ಆದರೆ ಸ್ವಿಚ್‌ನ ದೀಪ ಸರಿಯಾಗಿ ನಡೆಯುವುದಿಲ್ಲ. ಅದಕ್ಕೆ ಲೋಡ್ ಪಿನ್ನಿನಲ್ಲಿ ಪಾಸಿಟಿವ್ ಬರಬೇಕು.

ರಾತ್ರಿ ಮತ್ತೊಂದು ತಕರಾರು ಬಂತು. ಹೊಸ ಎಲ್‌ಇಡಿ ಕತ್ತಲಲ್ಲಿ ಕಣ್ಣಿಗೆ ಚುಚ್ಚುತ್ತದೆ ಅಂದ ತಮ್ಮ. ಅವನು ಮತ್ತೆ ಟೇಪ್ ತರುವುದು ನನಗೆ ಬೇಕಿರಲಿಲ್ಲ. ಮಗಳ ಹತ್ತಿರ ಉಗುರು ಬಣ್ಣ ಇಸಕೊಂಡು ಹೋಗಿ ದೀಪದ ಮೇಲೆ ಎರಡು ಸಲ ಬಳಿದೆ. ಈಗ ಕೆಂಡದ ಹಾಗೆ ತಣ್ಣಗೆ ಕಾಣುತ್ತದೆ. ನೋಡಬೇಕಾದವನಿಗೆ ಕಾಣುತ್ತದೆ, ಕಣ್ಣಿಗೆ ಹೊಡೆಯುವುದಿಲ್ಲ.

ಇದಾಗಿ ಮೂರು ವಾರ. ಟ್ರೇಲರ್ ಬಿಟ್ಟು ಬರುವಾಗ ತಮ್ಮ ನಮ್ಮ ಮನೆ ಮುಂದೆ ವೇಗ ಕಡಿಮೆ ಮಾಡಿ, "ಆರೈತಿ ನೋಡಣ್ಣಾ" ಅಂತ ಕೂಗಿ ಹೋಗುತ್ತಾನೆ. ನಾನು ಬಾಗಿಲಿಗೆ ಬಂದು ನೋಡುತ್ತೇನೆ. ಹಿಂದೆ ಕತ್ತಲು, ಎರಡು ಕೆಂಪು ಟೇಲ್ ಲೈಟ್ ಮಾತ್ರ. ಎಡಗಡೆ ಮಡ್‌ಗಾರ್ಡ್‌ನ ತೂತಿನಲ್ಲಿ ವೈರು ಇನ್ನೂ ಬರೀ ತಗಡಿಗೆ ಉಜ್ಜುತ್ತಿದೆ. ರಬ್ಬರ್ ಬುಷ್ ತಂದಿಟ್ಟಿದ್ದೇನೆ, ಟ್ರ್ಯಾಕ್ಟರ್ ಒಂದು ದಿನ ಬಿಡುವು ಸಿಕ್ಕ ತಕ್ಷಣ ಅದನ್ನು ಹಾಕಬೇಕು.